ನಿಗೂಢವೆಂಬ ಸೋಮಾರಿತನ

ಕಲಬುರಗಿ ಜಿಲ್ಲೆಯಿಂದ ಬರುವ ಸುದ್ದಿಗೆಂದೇ ನಮ್ಮ ಟಿ.ವಿ. ವಾಹಿನಿಗಳು ಒಂದು ಪದವನ್ನು ಎತ್ತಿಟ್ಟಿವೆ: ನಿಗೂಢ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ಸುತ್ತಿನ ಊರುಗಳ ನೆಲ ಮತ್ತೆ ಮತ್ತೆ ನಡುಗಿತು. 11ರ ರಾತ್ರಿ ಹತ್ತಕ್ಕೆ ಸ್ವಲ್ಪ ಮುಂಚೆ ಆದ ಕಂಪನದ ತೀವ್ರತೆ 4.1. ನಡುಕದಷ್ಟೇ ಜನರನ್ನು ಕಾಡಿದ್ದು ನೆಲದೊಳಗಿಂದ ಬರುತ್ತಿದ್ದ ಸಪ್ಪಳ. ಕೆಲವರು ಊರು ಬಿಟ್ಟರು, ಉಳಿದವರು ಹೊರಗೆ ಬಯಲಲ್ಲಿ ರಾತ್ರಿ ಕಳೆದರು. ಕ್ಯಾಮೆರಾಗಳು ಬಂದವು. ಬಿರುಕು ಬಿಟ್ಟ ಗೋಡೆ, ಗಂಟುಮೂಟೆ ಕಟ್ಟಿದ ಸಂಸಾರ, ತೆರೆಯ ಕೆಳಗೆ ಓಡುವ ಪಟ್ಟಿಯಲ್ಲಿ ‘ನಿಗೂಢ ಸದ್ದು’. ನನ್ನ ತಕರಾರು ಈ ಪದದ ಮೇಲೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು ಪ್ರಾಮಾಣಿಕತೆ. ಒಂದು ಫೋನು ಮಾಡಿದರೆ ಗೊತ್ತಾಗುವುದನ್ನು ನಿಗೂಢ ಎನ್ನುವುದು ಸೋಮಾರಿತನ. ಆ ಸೋಮಾರಿತನಕ್ಕೆ ಹಿನ್ನೆಲೆ ಸಂಗೀತ ಹಾಕಿ ಜಾಹೀರಾತು ಹಿಡಿಯುವುದಕ್ಕೆ ಏನೆನ್ನಬೇಕೋ ಓದುಗರೇ ಹೇಳಲಿ.

ಆ ಸಪ್ಪಳದಲ್ಲಿ ಬಿಡಿಸಲಾಗದ ಒಗಟೇನೂ ಇರಲಿಲ್ಲ. ಕಂಪನ ಕೆಲವೇ ಕಿಲೋಮೀಟರ್ ಆಳದಲ್ಲಿ ಹುಟ್ಟಿದರೆ, ಎಲ್ಲಕ್ಕಿಂತ ಮೊದಲು ಮೇಲಕ್ಕೆ ಬರುವ ಅಲೆಗಳು ನೆಲದ ಮೈಯನ್ನು ಹಲಗೆಯ ಚರ್ಮದಂತೆ ಅದುರಿಸುತ್ತವೆ. ಆ ಅದುರು ಗಾಳಿಗೆ ದಾಟಿ ಗುಡುಗಿನಂತೆ ಕಿವಿಗೆ ಬೀಳುತ್ತದೆ. ಮೂಲ ಬಹಳ ಆಳದಲ್ಲಿದ್ದರೆ ಕೇಳಿಸುವಂಥ ಅಲೆಗಳು ದಾರಿಯಲ್ಲೇ ಸವೆದುಹೋಗುತ್ತವೆ. ಹಾಗಾಗಿ ಸಪ್ಪಳವೇ ಒಂದು ಮಾಹಿತಿ: ಮೂಲ ಕಾಲ ಕೆಳಗೇ, ಹತ್ತಿರದಲ್ಲೇ ಇದೆ ಎಂದು ಅದು ಹೇಳುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೇ ಯಾಕೆ? ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳನ್ನು ಸಾಕುತ್ತಿರುವುದು ಈ ಸೀಮೆಯ ಸುಣ್ಣಕಲ್ಲು. ಅದು ಬಿರುಕುಗಳಲ್ಲಿ ನೀರಿಳಿಸಿಕೊಳ್ಳುವ ಕಲ್ಲು. ಜೋರು ಮಳೆಯ ನೀರು ಒಳಗಿಳಿದು, ಮೊದಲೇ ಬಿಗಿದುಕೊಂಡು ನಿಂತ ಬಂಡೆಗಳ ನಡುವೆ ಒತ್ತಡ ಏರಿ, ಅವು ಒಂದಿಷ್ಟು ಜರುಗುವುದೇ ಕಾರಣವಿರಬೇಕು ಎಂದು ತಜ್ಞರು ಆ ದಿನಗಳಲ್ಲೇ ಹೇಳಿದ್ದರು. ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ 2018ರ ನವೆಂಬರಿನಿಂದ ಇಂಥದೇ ಕಂಪನಗಳ ಸರಣಿ ಶುರುವಾಗಿತ್ತು. ಅದಕ್ಕೂ ಮೊದಲು ನಾಂದೇಡ ಪಟ್ಟಣ ಇದನ್ನೇ ಅನುಭವಿಸಿತ್ತು. ಇನ್ನು, ಗಣಿಗಳಲ್ಲಿ ಮದ್ದು ಸಿಡಿಸುವ ಸೀಮೆಯಲ್ಲಿ ‘ಇದಕ್ಕೂ ಅದಕ್ಕೂ ಸಂಬಂಧ ಇದೆಯೇ’ ಎಂದು ಜನ ಕೇಳುವುದು ತೀರ ಸಹಜ. ಸಿಡಿತದ ಗುರುತು ಮತ್ತು ಭೂಕಂಪದ ಗುರುತು ಕಂಪನಮಾಪಕದಲ್ಲಿ ಬೇರೆ ಬೇರೆಯಾಗಿ ಬೀಳುತ್ತವೆ. ಇದು ದಾಖಲೆ ನೋಡಿ ಉತ್ತರಿಸಬಹುದಾದ ಪ್ರಶ್ನೆ. ನಿಗೂಢ ಎಂದಮೇಲೆ ಆ ಪ್ರಶ್ನೆಯನ್ನೇ ಯಾರೂ ಕೇಳಬೇಕಾಗಿಲ್ಲ, ಉತ್ತರ ಕೊಡಬೇಕಾದವರೂ ನಿರಾಳ.

ಈ ವರದಿಗಳ ಇನ್ನೊಂದು ಅನ್ಯಾಯ, ಜನರ ಭಯವನ್ನು ಅಜ್ಞಾನದಂತೆ ತೋರಿಸಿದ್ದು. ಈ ಭಾಗದ ಭಯಕ್ಕೆ ಒಂದು ಹೆಸರಿದೆ, ಕಿಲ್ಲಾರಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಬಂದು ಜನ ಮಲಗಿದ್ದಾಗ, ಲಾತೂರ ಸೀಮೆಯಲ್ಲಿ ಹತ್ತಿರಹತ್ತಿರ ಹತ್ತು ಸಾವಿರ ಜೀವ ಹೋದವು. ನೆರೆಯ ಕಲಬುರಗಿ, ಬೀದರಿನವರಿಗೆ ಅದು ಪುಸ್ತಕದ ಪಾಠವಲ್ಲ. ಅದರ ಹಿಂದಿನ ವರ್ಷ, 1992ರಲ್ಲಿ, ಕಿಲ್ಲಾರಿಯಲ್ಲೂ ಸಣ್ಣ ಸಣ್ಣ ಕಂಪನಗಳು ಸಾಲುಸಾಲಾಗಿ ಆಗಿದ್ದವು. ಆಮೇಲೆ ದೊಡ್ಡದು ಬಂತು. ಹೀಗಿರುವಾಗ ಗಡಿಕೇಶ್ವಾರದವರು ಬಯಲಲ್ಲಿ ಮಲಗಿದ್ದು ಲೆಕ್ಕ ಗೊತ್ತಿದ್ದವರ ನಡೆ. ವರದಿಗಾರ ಮಾಡಬೇಕಿದ್ದದ್ದು ಆ ಲೆಕ್ಕವನ್ನು ಪೂರ್ತಿ ಮಾಡಿಕೊಡುವುದು. 4.1ಕ್ಕೂ ಕಿಲ್ಲಾರಿಯ 6.2ಕ್ಕೂ ನಡುವೆ ಎರಡು ಅಂಕಿಯ ಅಂತರವೆಂದು ಕೇಳಿದವರಿಗೆ ಅನ್ನಿಸುತ್ತದೆ, ಹೊರಬೀಳುವ ಶಕ್ತಿಯಲ್ಲಿ ಅದು ಸಾವಿರ ಪಟ್ಟಿಗೂ ಮಿಕ್ಕಿದ್ದು. ಇಂಥ ಸರಣಿಗಳಲ್ಲಿ ಬಹುಪಾಲು ತಾವಾಗಿ ತಣ್ಣಗಾಗುತ್ತವೆ, ಅಪರೂಪಕ್ಕೆ ಒಂದು ಆಗುವುದಿಲ್ಲ. ಯಾವುದು ಯಾವುದೆಂದು ಮುಂಚೆ ಹೇಳುವ ವಿದ್ಯೆ ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲ. ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಬಹುಮಟ್ಟಿಗೆ ಕಲ್ಲು-ಮಣ್ಣಿನ ದಪ್ಪ ಗೋಡೆ ಮತ್ತು ಅದರ ಮೇಲೆ ಹೇರಿದ ಮಣ್ಣಿನ ಮಾಳಿಗೆ. ನಮ್ಮ ಕಡೆಯ ಹಳೆ ಮನೆಗಳೂ ಅದೇ ತಳಿಯವು, ಮೇಲೆ ಶಹಾಬಾದಿ ಫರ್ಸಿಯ ಭಾರ ಬೇರೆ. ಗೋಡೆಯ ಎರಡು ಮೈಯನ್ನು ಹಿಡಿದಿಡುವ ಉದ್ದಗಲ್ಲು, ಬಾಗಿಲ ತೊಲೆಯ ಮಟ್ಟದಲ್ಲಿ ಮನೆಯ ಸುತ್ತ ಒಂದು ಬಿಗಿ ಪಟ್ಟಿ, ಹಗುರ ಛಾವಣಿ. ಕಲ್ಲು-ಮಣ್ಣಿನ ಮನೆಗಳಿಗೆಂದೇ ಭಾರತೀಯ ಮಾನಕ ಸಂಸ್ಥೆ 1993ರಲ್ಲೇ ಹೀಗೆ ನಿಯಮ ಬರೆದಿಟ್ಟಿದೆ. ಗಡಿಕೇಶ್ವಾರದ ಗೌಂಡಿಗೆ ಬೇಕಾಗಿದ್ದದ್ದು ಈ ಮಾಹಿತಿ. ಒಂದು ತಾಸಿನ ‘ವಿಶೇಷ ಕಾರ್ಯಕ್ರಮ’ದಲ್ಲಿ ಇದಕ್ಕೆ ಮೂರು ನಿಮಿಷ ಸಾಕಿತ್ತು.

ಇಲ್ಲಿ ಒಂದು ಆಕ್ಷೇಪವನ್ನು ಒಪ್ಪಿಯೇ ಮುಂದೆ ಹೋಗಬೇಕು. ವಾಹಿನಿಗಳು ಗದ್ದಲ ಎಬ್ಬಿಸದಿದ್ದರೆ ಸಚಿವರು ಬರುತ್ತಿದ್ದರೇ, ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ತಜ್ಞರನ್ನು ಯಾರಾದರೂ ಕರೆಸುತ್ತಿದ್ದರೇ? ಬಹುಶಃ ಇಲ್ಲ, ಅಥವಾ ಬಹಳ ತಡವಾಗಿ. ಕಲ್ಯಾಣ ಕರ್ನಾಟಕದ ಮಟ್ಟಿಗೆ ಆಡಳಿತದ ಕಿವಿ ಕ್ಯಾಮೆರಾದ ಮೂಲಕವೇ ತೆರೆಯುತ್ತದೆ ಎಂಬುದು ಕಹಿಯಾದರೂ ನಿಜ. ಆದರೆ ಈ ವಾದ ಗದ್ದಲವನ್ನು ಸಮರ್ಥಿಸುತ್ತದೆಯೇ ಹೊರತು ಸುಳ್ಳು ಬೆರಗನ್ನಲ್ಲ. ‘4.1ರ ಕಂಪನ, ಕಲ್ಲು-ಮಣ್ಣಿನ ಮನೆಗಳು, ಹೊರಗೆ ಮಲಗಿದ ಜನ, ಬಾರದ ಸರ್ಕಾರ’ ಎಂಬ ಸುದ್ದಿಯಲ್ಲಿ ಗದ್ದಲಕ್ಕೆ ಬೇಕಾದ ಖಾರ ಕಮ್ಮಿ ಇದೆಯೇ? ವ್ಯತ್ಯಾಸ ಇಷ್ಟೇ: ಈ ಸುದ್ದಿಯಲ್ಲಿ ಉತ್ತರ ಕೊಡಬೇಕಾದವನು ಒಬ್ಬನಿದ್ದಾನೆ. ನಿಗೂಢ ಸದ್ದಿಗೆ ಯಾರೂ ಹೊಣೆಯಲ್ಲ.

ಇದೇ ಚಾಳಿಯ ಇನ್ನೂ ಕ್ರೂರ ರೂಪ ಕಾಣಬೇಕಾದರೆ ಎರಡು ವರ್ಷ ಹಿಂದಕ್ಕೆ ಹೋಗಬೇಕು. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ಹೊತ್ತಿನಲ್ಲಿ ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು, ವಾಸಿಯಾದೀತೆಂಬ ಆಸೆಯಿಂದ, ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತಿದ್ದರು. ಆ ಚಿತ್ರ ದೇಶವನ್ನೆಲ್ಲ ಸುತ್ತಿತು. ಮಾಡಿದ್ದು ತಪ್ಪು, ಮಕ್ಕಳ ಜೀವಕ್ಕೇ ಅಪಾಯದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಗ್ರಹಣದ ಆಜುಬಾಜಿನಲ್ಲಿ ಸ್ಟುಡಿಯೋಗಳಲ್ಲಿ ಕೂತಿದ್ದವರು ಯಾರು? ಯಾವ ರಾಶಿಗೆ ಗಂಡಾಂತರ, ಗರ್ಭಿಣಿಯರು ಏನು ಮಾಡಬಾರದು, ಯಾವ ಶಾಂತಿ ಮಾಡಿಸಬೇಕು ಎಂದು ಹೇಳಿದವರು ಯಾರು? ಗ್ರಹಣಕ್ಕೆ ಮೈಯ ಮೇಲೆ ಪ್ರಭಾವವಿದೆ ಎಂಬ ನಂಬಿಕೆಯನ್ನು ಬೆಳಿಗ್ಗೆಯಿಂದ ಬಿತ್ತಿದ ಪರದೆಯೇ, ಅದನ್ನು ಅಕ್ಷರಶಃ ನಂಬಿದ ಬಡವರನ್ನು ಕಂಡು ಸಂಜೆ ‘ಅಯ್ಯೋ ಮೌಢ್ಯವೇ’ ಎಂದು ಹಣೆ ಚಚ್ಚಿಕೊಂಡಿತು. ಬೆಳಗಿನದೂ ಸರಕೇ, ಸಂಜೆಯದೂ ಸರಕೇ. ಆ ತಂದೆ ತಾಯಂದಿರು ಮೊದಲು ಯಾವ ಆಸ್ಪತ್ರೆಗೆ ಅಲೆದಿದ್ದರು, ಊರಿಗೆ ಹತ್ತಿರದಲ್ಲಿ ಫಿಜಿಯೋಥೆರಪಿ ಎಲ್ಲಿ ಸಿಗುತ್ತದೆ, ಮಾಸಾಶನ ಕೈಗೆ ಬರುತ್ತಿತ್ತೇ ಎಂಬ ವಿಚಾರಣೆಗೆ ಆ ಸಂಜೆ ಸಮಯ ಇರಲಿಲ್ಲ. ಅಂದೇ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಜನ ಗುಂಪುಗೂಡಿ, ಸೌರ ಕನ್ನಡಕ ತೊಟ್ಟು, ಕಂಕಣ ಗ್ರಹಣವನ್ನು ಕಣ್ತುಂಬ ನೋಡಿದರು. ಆಕಾಶ ಒಂದೇ, ಹೇಳುವವರು ಬೇರೆ.

‘ಜನ ಕೇಳುತ್ತಾರೆ, ನಾವು ತೋರಿಸುತ್ತೇವೆ’ ಎಂಬುದು ವಾಹಿನಿಗಳ ಹಳೆಯ ಗುರಾಣಿ. ಅದರ ಹಿಂದೆ ನಿಲ್ಲಲು ಕಾನೂನು ಅವರಿಗೆ ಬಿಡುವುದಿಲ್ಲ. 1994ರ ಕೇಬಲ್ ಟೆಲಿವಿಷನ್ ಜಾಲ ನಿಯಮಗಳ 6ನೇ ನಿಯಮ, ಮೌಢ್ಯ ಅಥವಾ ಕುರುಡು ನಂಬಿಕೆಗೆ ಉತ್ತೇಜನ ಕೊಡುವ ಕಾರ್ಯಕ್ರಮ ಬಿತ್ತರಿಸಬಾರದೆಂದು ಸ್ಪಷ್ಟವಾಗಿ ಹೇಳುತ್ತದೆ. ತಾಜಸುಲ್ತಾನಪುರದ ಘಟನೆಯ ಮರು ತಿಂಗಳು, 2020ರ ಜನವರಿಯಲ್ಲಿ, ರಾಜ್ಯದ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆಯೂ ಜಾರಿಗೆ ಬಂತು. ಅದು ಜ್ಯೋತಿಷ, ವಾಸ್ತುಗಳನ್ನು ಹೊರಗಿಟ್ಟಿತು. ಹೀಗಾಗಿ ಹಳ್ಳಿಯಲ್ಲಿ ಗುಂಡಿ ತೋಡುವವನು ಕಾಯ್ದೆಯ ಒಳಗೆ, ಸ್ಟುಡಿಯೋದಲ್ಲಿ ಗ್ರಹಗತಿ ಹೇಳುವವನು ಹೊರಗೆ. ಧರ್ಮಶ್ರದ್ಧೆಯ ಮೇಲಿನ ದಾಳಿ ಇದು ಎಂಬ ಮಾತಿಗೂ ಇಲ್ಲಿ ಆಸ್ಪದವಿಲ್ಲ. ಗ್ರಹಣದ ದಿನ ಉಪವಾಸ ಮಾಡುವವರ ತಂಟೆಗೆ ಯಾರೂ ಹೋಗುತ್ತಿಲ್ಲ. ಕೇಳುತ್ತಿರುವುದು, ರೋಗದ ವಿಷಯ ಮಾತನಾಡುವಾಗ ವೈದ್ಯನನ್ನು ಕೂರಿಸಿ ಎಂದಷ್ಟೇ.

ಕಣ್ಣೆದುರಿನ ತಿಳಿವಳಿಕೆ ಕಾಣದೇ ಹೋಗುವುದು ಈ ಜಿಲ್ಲೆಗೆ ಹೊಸದಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಚಪ್ಪಡಿಯಲ್ಲಿ ಅಶೋಕನ ಶಾಸನ ಸಿಕ್ಕಿತು. ಮಾತಿನ ಮೇಲೆ ಹತೋಟಿ ಇರಲಿ ಎಂದು ಹೇಳುವ ಹನ್ನೆರಡನೆಯ ಶಾಸನವೂ ಅದರಲ್ಲಿದೆ. ಅಕ್ಷರ ಅಲ್ಲೇ ಇತ್ತು; ಪೀಠಕ್ಕಾಗಿ ನಡುವೆ ತೂತು ಕೊರೆದವರಿಗೆ ಅದು ಬರೀ ಕಲ್ಲು. ಗಡಿಕೇಶ್ವಾರದ ವಿಷಯದಲ್ಲೂ ತಿಳಿವಳಿಕೆ ಇಲ್ಲದೇ ಹೋಗಿರಲಿಲ್ಲ, ಅದರ ಮೇಲೆ ಬೇರೆ ಮೂರ್ತಿ ಕೂತಿತ್ತು.

ಕೊನೆಯ ಆಕ್ಷೇಪ ಸುದ್ದಿಮನೆಯ ಒಳಗಿನದು, ನನಗೆ ಸಹಾನುಭೂತಿ ಇರುವುದೂ ಇದರ ಮೇಲೆಯೇ. ವಿಜ್ಞಾನಿಗಳು ‘ಇರಬಹುದು’, ‘ಅಧ್ಯಯನ ನಡೆದಿದೆ’ ಎಂದು ಇಂಗ್ಲಿಷಿನಲ್ಲಿ ಹೇಳಿ ಹೋಗುತ್ತಾರೆ. ತಾಲ್ಲೂಕಿನ ವರದಿಗಾರನಿಗೆ ಸಿಗುವ ಬಿಡಿಕಾಸಿನಲ್ಲಿ ಭೂಗರ್ಭಶಾಸ್ತ್ರ ಓದು ಎನ್ನುವುದು ಅನ್ಯಾಯ. ಸರಿ. ಆದರೆ ‘ನಿಗೂಢ’ ಎಂಬ ಪದ ಚಿಂಚೋಳಿಯಿಂದ ಬರಬೇಕಾಗಿಲ್ಲ, ಬೆಂಗಳೂರಿನ ಡೆಸ್ಕಿನಲ್ಲೇ ಹುಟ್ಟುತ್ತದೆ, ಅಲ್ಲಿ ಇಂಟರ್ನೆಟ್ಟಿಗೂ ಫೋನಿಗೂ ಬರವಿಲ್ಲ. ಇನ್ನು ‘ಇರಬಹುದು’ ಎಂಬುದು ವಿಜ್ಞಾನಿಯ ಹಿಂಜರಿಕೆಯಲ್ಲ, ಅವನ ನಿಖರತೆ. ಅದನ್ನು ಹಾಗೆಯೇ ಅಚ್ಚು ಹಾಕಬಹುದು, ಓದುಗ ಅರಗಿಸಿಕೊಳ್ಳುತ್ತಾನೆ. ಮಳೆ ಬರಬಹುದು ಎಂಬುದನ್ನು ಅರಗಿಸಿಕೊಂಡು ತೊಗರಿ ಬಿತ್ತುವ ರೈತ ಅವನು. ರಾಷ್ಟ್ರೀಯ ಭೂಕಂಪ ವಿಜ್ಞಾನ ಕೇಂದ್ರ ತಾನು ದಾಖಲಿಸಿದ ಕಂಪನಗಳ ಹೊತ್ತು, ಆಳ, ತೀವ್ರತೆಯನ್ನು ಸಾರ್ವಜನಿಕವಾಗಿಯೇ ಪ್ರಕಟಿಸುತ್ತದೆ. ಜಿಲ್ಲಾ ಪುಟದಲ್ಲಿ ಅದಕ್ಕೆ ಎರಡು ಸಾಲು ಸಾಕು. ದಿನಭವಿಷ್ಯಕ್ಕೆ ಹನ್ನೆರಡು ರಾಶಿಯ ಜಾಗ ದಿನವೂ ಸಿಗುತ್ತಿದೆ.