ಸಸಿಯನ್ನು ನೋಡಿ ಕೊಳ್ಳುವ ನಾವು ಪದವಿಯನ್ನೇಕೆ ನೋಡದೆ ಕೊಳ್ಳಬೇಕು?

ಅಡಿಕೆ ಸಸಿ ಕೊಳ್ಳುವ ಮುನ್ನ ನಾವು ತಾಯಿಮರ ಯಾವುದೆಂದು ವಿಚಾರಿಸುತ್ತೇವೆ. ಸಸಿಯ ಗುಣ ತಿಳಿಯುವುದು ನೆಟ್ಟು ಐದಾರು ವರ್ಷ ಕಳೆದ ಮೇಲೆ. ಆಗ ಕಡಿದು ಬೇರೆ ನೆಡುವುದೆಂದರೆ ಅಷ್ಟು ವರ್ಷದ ದುಡಿಮೆ ಮಣ್ಣುಪಾಲಾದಂತೆ. ಆದರೆ ಮಗನಿಗೋ ಮಗಳಿಗೋ ಮನೆಯಲ್ಲಿದ್ದೇ ಓದುವ ತಾಂತ್ರಿಕ ಪದವಿ ಕೊಡಿಸುವಾಗ, ಪೇಟೆಯ ಮಧ್ಯವರ್ತಿ ತೋರಿಸಿದ ಬಣ್ಣದ ಕರಪತ್ರವನ್ನು ನಂಬಿ ಕಾಫಿ ಮಾರಿದ ಹಣವನ್ನು ಎಣಿಸಿ ಕೊಟ್ಟುಬಿಡುತ್ತೇವೆ.

ದೂರಶಿಕ್ಷಣವನ್ನು ನಾವು ಹಳಿಯುತ್ತಿಲ್ಲ. ಕೊಯ್ಲಿಗೆ ಆಳು ಸಿಗದ ಈ ದಿನಗಳಲ್ಲಿ, ತೋಟವನ್ನೂ ನೋಡಿಕೊಂಡು ಓದುವ ಅವಕಾಶ ಸಣ್ಣ ಹಿಡುವಳಿದಾರರಿಗೆ ವರವೇ ಸರಿ. ಮಾನ್ಯತೆ ಪಡೆದ ದೂರಶಿಕ್ಷಣ ಅಥವಾ ಆನ್‌ಲೈನ್ ಪದವಿಯು ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನವೆಂದು ಯು.ಜಿ.ಸಿ. 2022ರಲ್ಲಿ ಸ್ಪಷ್ಟಪಡಿಸಿದೆ. ತೊಡಕಿರುವುದೆಲ್ಲ ‘ಮಾನ್ಯತೆ’ ಎಂಬ ಆ ಒಂದು ಮಾತಿನಲ್ಲಿ.

ಮೊದಲನೆಯದಾಗಿ, ಎಲ್ಲ ಪದವಿಗಳೂ ಈ ದಾರಿಯಲ್ಲಿ ಸಿಗುವುದಿಲ್ಲ. ಎಂಜಿನಿಯರಿಂಗ್, ಕೃಷಿ, ತೋಟಗಾರಿಕೆ, ನರ್ಸಿಂಗ್, ಫಾರ್ಮಸಿ ಪದವಿಗಳನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಕೊಡುವಂತಿಲ್ಲ. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಹೀಗೆ ಕೊಟ್ಟ ಎಂಜಿನಿಯರಿಂಗ್ ಪದವಿಗಳ ಬಗ್ಗೆ ಸರ್ವೋಚ್ಚ ನ್ಯಾಯಾಲಯ 2017ರ ನವೆಂಬರ್ 3ರಂದು ತೀರ್ಪಿತ್ತಿತು. 2001ರಿಂದ 2005ರವರೆಗೆ ಸೇರಿದವರು ಪದವಿ ಉಳಿಸಿಕೊಳ್ಳಲು ಮತ್ತೆ ಪರೀಕ್ಷೆ ಬರೆಯಬೇಕಾಯಿತು. ಆಮೇಲೆ ಸೇರಿದವರ ಪದವಿಗಳು ರದ್ದಾದವು. ಬಿ.ಸಿ.ಎ., ಎಂ.ಸಿ.ಎ. ಮುಂತಾದ ಕಂಪ್ಯೂಟರ್ ಪದವಿಗಳಿಗೆ ಅವಕಾಶವಿದೆ. ಎಂಜಿನಿಯರೇ ಆಗಬೇಕೆನ್ನುವ ಮಗು ಮಾತ್ರ ಕಾಲೇಜಿನ ಮೆಟ್ಟಿಲು ಹತ್ತಲೇಬೇಕು.

ಎರಡನೆಯದಾಗಿ, ಸಂಸ್ಥೆಯ ಹೆಸರು ದೊಡ್ಡದಿದ್ದರೆ ಸಾಲದು. 1996ರಲ್ಲಿ ಸ್ಥಾಪನೆಯಾದ, ಸರ್ಕಾರದ್ದೇ ಆದ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಉದಾಹರಣೆ ನಮ್ಮ ಕಣ್ಣೆದುರಿಗಿದೆ. ಅದಕ್ಕೆ ಮಾನ್ಯತೆಯಿದ್ದುದು 2012–13ರವರೆಗೆ. ಮರಳಿ ದೊರೆತದ್ದು 2018–19ರಿಂದ. ನಡುವಿನ ವರ್ಷಗಳಲ್ಲಿ ಸೇರಿದವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಆದ್ದರಿಂದ ‘ಈ ವಿಶ್ವವಿದ್ಯಾಲಯ ಒಳ್ಳೆಯದೇ?’ ಎಂದು ಕೇಳಿದರೆ ಸಾಲದು. ‘ಈ ಕೋರ್ಸಿಗೆ, ಈ ವರ್ಷಕ್ಕೆ ಮಾನ್ಯತೆಯಿದೆಯೇ?’ ಎಂದು ಕೇಳಬೇಕು.

ಉತ್ತರವನ್ನು ಮಧ್ಯವರ್ತಿಯಿಂದ ಪಡೆಯಬೇಕಾಗಿಲ್ಲ. ಯು.ಜಿ.ಸಿ.ಯ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ವಿಶ್ವವಿದ್ಯಾಲಯ, ಕೋರ್ಸು, ವರ್ಷ ಮೂರೂ ಇರುವ ಪಟ್ಟಿಯಿದೆ. 2024ರಿಂದ ವಿದ್ಯಾರ್ಥಿಯು ಪ್ರವೇಶಕ್ಕೆ ಮುನ್ನ ಅಲ್ಲಿಯೇ ‘ಡೆಬ್ ಐ.ಡಿ.’ ಎಂಬ ಗುರುತಿನ ಸಂಖ್ಯೆ ಪಡೆಯಬೇಕು. ‘ಅದೆಲ್ಲ ಬೇಡ, ನಾವೇ ಮಾಡಿಸಿಕೊಡುತ್ತೇವೆ’ ಎಂದವರಿಂದ ದೂರವಿರುವುದು ಲೇಸು. ಕಲಿಕಾ ಕೇಂದ್ರಗಳನ್ನು ಫ್ರಾಂಚೈಸಿಗೆ ಕೊಡುವುದಕ್ಕೂ ನಿಷೇಧವಿದೆ. ಶುಲ್ಕವನ್ನು ನೇರವಾಗಿ ವಿಶ್ವವಿದ್ಯಾಲಯದ ಖಾತೆಗೇ ಕಟ್ಟಿ, ರಸೀದಿ ಪಡೆಯಿರಿ.

ಜಾಲತಾಣ ನೋಡಿ ಅಭ್ಯಾಸವಿಲ್ಲದ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. ಗೊಬ್ಬರದ ಗುಣಮಟ್ಟ ವಿಚಾರಿಸಲು ಸಂಘಕ್ಕೆ ಬರುವ ಸದಸ್ಯರು ಇದಕ್ಕೂ ಬರುವಂತಾಗಬೇಕು. ಆ ಪಟ್ಟಿಯನ್ನು ತೆಗೆದು ಓದಿ ಹೇಳುವ ಏರ್ಪಾಡು ಸಂಘದ ಕಚೇರಿಯಲ್ಲಿ ಆಗಬೇಕೆಂದು ನಮ್ಮ ಅಭಿಪ್ರಾಯ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಸದಸ್ಯ ಬಾಂಧವರು ಈ ವಿಷಯವನ್ನು ಎತ್ತಬೇಕಾಗಿ ವಿನಂತಿ. ಕೆಟ್ಟ ಸಸಿಯನ್ನು ಕಿತ್ತು ಬೇರೆ ನೆಡಬಹುದು. ಮಕ್ಕಳ ಕಳೆದುಹೋದ ಮೂರು ವರ್ಷಗಳನ್ನು ಮತ್ತೆ ತಂದುಕೊಡಲು ನಮ್ಮಿಂದಾಗದು.