ನಮ್ಮ ತರುಣರೂ ಸಂಶೋಧನೆಯೂ

ಪ್ರತಿವರ್ಷವೂ ಪರೀಕ್ಷೆಗಳ ಫಲಿತಾಂಶಗಳು ಪ್ರಕಟವಾದ ಕೂಡಲೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯಿಂದ ಉತ್ತೀರ್ಣರಾದ ಹುಡುಗ ಹುಡುಗಿಯರ ಭಾವಚಿತ್ರಗಳು ನಮ್ಮ ಕಚೇರಿಗೆ ಬರತೊಡಗುತ್ತವೆ. ಅವುಗಳನ್ನು ಅಚ್ಚುಹಾಕುವುದು ನಮಗೆ ಸಂತೋಷದ ಕೆಲಸ. ಚಿತ್ರದ ಕೆಳಗೆ ಆ ಮಗುವಿನ ಮುಂದಿನ ಆಶೆಯನ್ನೂ ಒಂದು ಸಾಲಿನಲ್ಲಿ ಬರೆದು ಕಳುಹಿಸುವುದು ವಾಡಿಕೆ. ಒಬ್ಬನು ಡಾಕ್ಟರನಾಗುವನು, ಇನ್ನೊಬ್ಬಳು ಇಂಜಿನಿಯರಳಾಗುವಳು, ಮತ್ತೊಬ್ಬನು ಕಲೆಕ್ಟರನಾಗುವನು. ಈ ಆಶೆಗಳಲ್ಲಿ ತಪ್ಪೇನೂ ಇಲ್ಲ. ಆದರೆ ನಮ್ಮೂರ ಮಣ್ಣನ್ನು ಪರೀಕ್ಷಿಸುವೆನು, ನಮ್ಮ ಹೊಳೆಯ ನೀರು ಉಪ್ಪಾದುದೇಕೆಂಬುದನ್ನು ಕಂಡುಹಿಡಿಯುವೆನು ಎಂದು ಬರೆದ ಒಂದೇ ಒಂದು ಸಾಲನ್ನು ನಾವು ಇನ್ನೂ ಕಾಣಬೇಕಾಗಿದೆ. ಈ ಕೊರತೆಯ ವಿಷಯವಾಗಿಯೇ ಇಂದು ವಾಚಕರೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇವೆ.

ಈ ನಾಲ್ಕು ತಾಲೂಕುಗಳ ನೆಲವು ಉದಾರಿ, ಮುಗಿಲು ಜಿಪುಣ. ವರ್ಷದ ಮಳೆ ಸರಾಸರಿ 600 ಮಿಲಿಮೀಟರುಗಳ ಆಸುಪಾಸಿನಲ್ಲಿದೆ. ಅದೂ ಬೇಕಾದಾಗ ಬಾರದು, ಬಂದಾಗ ನಿಲ್ಲದು. ಡೋಣಿಯ ದಂಡೆ ಬೆಳೆದರೆ ಓಣಿಯೆಲ್ಲ ಜೋಳವೆಂದು ನಮ್ಮ ಹಿರಿಯರು ಹಿಗ್ಗಿನಿಂದ ಹೇಳುತ್ತಿದ್ದರು. ಅದೇ ಡೋಣಿಯ ಸೀಮೆಯು ಬೆಳೆಯದ ವರ್ಷಗಳಲ್ಲಿ ಏನಾಯಿತೆಂಬುದನ್ನೂ ಮರೆಯಲಾಗದು. ಈಗಿನ ವಿಜಯಪುರ ಜಿಲ್ಲೆಯು ಕಲಾದಗಿ ಜಿಲ್ಲೆಯೊಳಗೆ ಸೇರಿದ್ದ ಕಾಲದಲ್ಲಿ, 1876ರಿಂದ 1878ರ ವರೆಗೆ ಬಿದ್ದ ಮಹಾಕ್ಷಾಮವು ಊರೂರುಗಳನ್ನೇ ಬರಿದು ಮಾಡಿತು. 1872ರ ಜನಗಣತಿಯಲ್ಲಿ ಎಂಟು ಲಕ್ಷವನ್ನು ಮೀರಿದ್ದ ಆ ಜಿಲ್ಲೆಯ ಜನಸಂಖ್ಯೆಯು 1881ರಲ್ಲಿ ಆರೂವರೆ ಲಕ್ಷದ ಕೆಳಗೆ ಇಳಿದಿತ್ತು. ಸತ್ತವರೆಷ್ಟು, ಊರು ಬಿಟ್ಟವರೆಷ್ಟು ಎಂದು ಬೇರೆ ಬೇರೆ ಲೆಕ್ಕ ಹಾಕಿದರೂ ಆದ ಹಾನಿಯು ಕಡಿಮೆಯಾಗುವುದಿಲ್ಲ.

ಇಂತಹ ಬರವನ್ನು ದೈವದ ಕೋಪವೆಂದು ತಿಳಿದು ಸುಮ್ಮನಿದ್ದ ಕಾಲವೊಂದಿತ್ತು. ಮಳೆಯನ್ನು ತರಿಸುವುದು ಮನುಷ್ಯನ ಕೈಯಲ್ಲಿಲ್ಲ, ಬಿದ್ದ ಮಳೆಯನ್ನು ಹಿಡಿದಿಡುವುದು ಮಾತ್ರ ಅವನ ಕೈಯಲ್ಲಿದೆ ಎಂಬ ವಿಚಾರವು ಬಲಗೊಂಡ ಮೇಲೆ ಶಾಸ್ತ್ರೀಯ ಸಂಶೋಧನೆಯು ಈ ನೆಲಕ್ಕೆ ಬಂದಿತು. 1928ರಲ್ಲಿ ವರದಿ ಒಪ್ಪಿಸಿದ ಕೃಷಿಯ ರಾಯಲ್ ಕಮಿಶನ್ನಿನ ತರುವಾಯ, 1933ರಿಂದ 1935ರ ಅವಧಿಯಲ್ಲಿ ಇಡೀ ಹಿಂದುಸ್ಥಾನದಲ್ಲಿ ಒಣಬೇಸಾಯದ ಸಂಶೋಧನೆಗೆಂದು ಐದು ಕೇಂದ್ರಗಳು ಏರ್ಪಟ್ಟವು. ಸೊಲ್ಲಾಪುರ, ರೋಹತಕ, ವಿಜಾಪುರ, ಹಗರಿ, ರಾಯಚೂರು ಎಂಬಿವೇ ಆ ಐದು. ಇವುಗಳಲ್ಲಿ ಮೂರು ಕನ್ನಡ ನೆಲದವು. ಆದರೆ ಆ ಮೂರೂ ಮೂರು ಸರಕಾರಗಳ ಕೆಳಗಿದ್ದವು: ವಿಜಾಪುರವು ಮುಂಬಯಿಗೆ, ಹಗರಿಯು ಮದ್ರಾಸಿಗೆ, ರಾಯಚೂರು ನಿಜಾಮರಿಗೆ. ಒಂದೇ ಎರೆಮಣ್ಣು, ಒಂದೇ ಜೋಳ, ಒಂದೇ ಭಾಷೆಯಾಡುವ ಒಕ್ಕಲಿಗ. ಅವನ ಹೊಲದ ಅರಿವು ಮಾತ್ರ ಮೂರು ಕಚೇರಿಗಳಲ್ಲಿ ಹಂಚಿಹೋಗಿತ್ತು. 1956ರಲ್ಲಿ ಈ ಮೂರು ಸೀಮೆಗಳೂ ಒಂದೇ ರಾಜ್ಯದೊಳಗೆ ಬಂದವು. ಏಕೀಕರಣದ ಫಲವನ್ನು ಭಾಷಣಗಳಲ್ಲಿ ಎಣಿಸುವಾಗ ಇದನ್ನೂ ಒಂದೆಂದು ಎಣಿಸುವುದು ಯೋಗ್ಯ.

ಆ ಕಾಲದ ಶಾಸ್ತ್ರಜ್ಞರು ಕಂಡುಕೊಂಡ ಸಂಗತಿಗಳು ಇಂದು ನಮಗೆ ಸಾಮಾನ್ಯವಾಗಿ ಕಾಣಬಹುದು. ಇಳಿಜಾರಿಗೆ ಅಡ್ಡವಾಗಿ ಒಡ್ಡು ಹಾಕುವುದು, ಕೆಲವು ವರ್ಷಗಳಿಗೊಮ್ಮೆ ಆಳವಾಗಿ ನೇಗಿಲು ಹೊಡೆಯುವುದು, ತಿಪ್ಪೆಗೊಬ್ಬರ ಹಾಕುವುದು, ಬೀಜವನ್ನು ತೆಳುವಾಗಿ, ಸಾಲುಗಳನ್ನು ದೂರ ದೂರವಾಗಿ ಬಿತ್ತುವುದು, ಮೇಲಿಂದ ಮೇಲೆ ಎಡೆ ಹೊಡೆದು ಬಿರುಕುಗಳನ್ನು ಮುಚ್ಚುವುದು. ಇಷ್ಟೇ! ಆದರೆ ಈ ಇಷ್ಟನ್ನು ನಿಶ್ಚಯಿಸಬೇಕಾದರೆ ವರ್ಷಗಟ್ಟಲೆ ಮಳೆಯನ್ನು ಅಳೆಯಬೇಕಾಯಿತು, ಮಣ್ಣನ್ನು ಅಗೆದು ಒಣಗಿಸಿ ತೂಗಬೇಕಾಯಿತು, ಹೊಲದ ಅಂಚಿನಲ್ಲಿ ಹರಿದುಹೋದ ನೀರನ್ನೂ ಮಣ್ಣನ್ನೂ ಲೆಕ್ಕವಿಡಬೇಕಾಯಿತು. ಎರೆಭೂಮಿಯು ಒಂದು ದೊಡ್ಡ ಕೊಡವಿದ್ದ ಹಾಗೆ. ಹಿಂಗಾರಿಯಲ್ಲಿ ಬಿತ್ತಿದ ಜೋಳವು ಮಳೆ ನಿಂತ ಮೇಲೂ ಆ ಕೊಡದ ನೀರನ್ನೇ ಕುಡಿದು ತೆನೆ ಹಾಯುತ್ತದೆ. ಕೊಡ ಸೋರದಂತೆ ನೋಡಿಕೊಳ್ಳುವ ವಿದ್ಯೆಯೇ ಒಣಬೇಸಾಯ. 1970ರಲ್ಲಿ ಆರಂಭವಾದ ಒಣಬೇಸಾಯದ ಅಖಿಲ ಭಾರತ ಸಂಶೋಧನಾ ಯೋಜನೆಯಲ್ಲಿಯೂ ವಿಜಯಪುರವು ಒಂದು ಕೇಂದ್ರವಾಯಿತು. ಹೊಲವನ್ನು ಚೌಕುಮಡಿಗಳನ್ನಾಗಿ ಕಟ್ಟಿ ಮುಂಗಾರಿಯ ನೀರನ್ನು ಹಿಂಗಾರಿಗೆ ಉಳಿಸುವ ಪದ್ಧತಿಯು ಅಲ್ಲಿಂದಲೇ ಒಕ್ಕಲಿಗರಿಗೆ ಪರಿಚಯವಾದುದು. ನೆರೆಯ ಮೊಹೋಳದಲ್ಲಿ 1930ರ ದಶಕದಲ್ಲಿ ಮಾಲದಂಡಿ ಜೋಳದಿಂದ ಆಯ್ದು ತೆಗೆದ ಎಂ 35-1 ತಳಿಯನ್ನು ನಮ್ಮವರು ಇಂದಿಗೂ ಬಿತ್ತುತ್ತಾರೆ, ಇಂದಿಗೂ ಅದರ ರೊಟ್ಟಿಯನ್ನು ಹೊಗಳುತ್ತಾರೆ. ಆ ತೆನೆಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ಆರಿಸಿದವರ ಹೆಸರು ರೊಟ್ಟಿ ತಿನ್ನುವವರಲ್ಲಿ ಎಷ್ಟು ಜನರಿಗೆ ಗೊತ್ತು? ಸಂಶೋಧಕನ ಕೀರ್ತಿಯೇ ಅಂತಹುದು. ಅವನ ಹೆಸರು ಅಳಿಯಬಹುದು, ಅವನ ಕೆಲಸವು ತಾಟಿನಲ್ಲಿ ಬಂದು ಕೂಡುತ್ತದೆ.

ಇದೆಲ್ಲ ಹಿಂದಿನವರ ದುಡಿಮೆ. ಅದನ್ನೇ ತಿಂದು ಎಷ್ಟು ದಿನ ಬಾಳಬಹುದು? ಹಳೆಯ ಪ್ರಶ್ನೆಗಳಿಗೆ ಅವರು ಉತ್ತರ ಕೊಟ್ಟರು. ಹೊಸ ಪ್ರಶ್ನೆಗಳು ನಮ್ಮ ಬಾಗಿಲಿಗೆ ಬಂದು ನಿಂತಿವೆ.

ಮೊದಲನೆಯದು ನೀರಿನದೇ. 1964ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಶಂಕುಸ್ಥಾಪನೆ ಮಾಡಿದರು. 2006ರಲ್ಲಿ, ಸ್ವತಃ ವಿಜ್ಞಾನಿಗಳಾದ ರಾಷ್ಟ್ರಪತಿ ಅಬ್ದುಲ್ ಕಲಾಮರು ಆ ಅಣೆಕಟ್ಟನ್ನು ನಾಡಿಗೆ ಅರ್ಪಿಸಿದರು. ಎರಡು ತಲೆಮಾರು ಕಾಯ್ದ ಕೃಷ್ಣೆಯು ಕಾಲುವೆಗಳಲ್ಲಿಯೂ ಏತ ನೀರಾವರಿಯ ಕೊಳವೆಗಳಲ್ಲಿಯೂ ಹರಿದು ಬಂದುದು ಭಾಗ್ಯವೇ ಸರಿ. ಆದರೆ ಎರೆಮಣ್ಣು ಜಿಗುಟಾದುದು, ನೀರನ್ನು ಬೇಗ ಬಸಿದುಬಿಡಲಾರದು. ಅಳತೆಯಿಲ್ಲದೆ ನೀರು ಕಟ್ಟಿದರೆ ನೆಲದೊಳಗಿನ ನೀರಿನ ಮಟ್ಟ ಮೇಲೇರುತ್ತದೆ, ಅದರೊಡನೆ ಆಳದ ಉಪ್ಪೂ ಮೇಲೆ ಬರುತ್ತದೆ. ಬಿಸಿಲಿಗೆ ನೀರು ಆರಿ ಉಪ್ಪು ಬೆಳ್ಳಗೆ ಉಳಿಯುತ್ತದೆ. ಒಕ್ಕಲಿಗರು ಸವಳು-ಜವಳು ಎನ್ನುವುದು ಇದಕ್ಕೇ. ತುಂಗಭದ್ರೆಯ ಕಾಲುವೆಗಳ ಕೆಳಗೆ ಗಂಗಾವತಿ, ಸಿಂಧನೂರುಗಳ ಸೀಮೆಯಲ್ಲಿ ಎಷ್ಟು ಭೂಮಿ ಹೀಗೆ ಕೆಟ್ಟಿತೆಂಬುದನ್ನು ನೋಡಿದವರು, ಇಂಡಿ ಶಾಖಾ ಕಾಲುವೆಯ ಕೆಳಗಿನ ಹೊಲಗಳ ವಿಷಯದಲ್ಲಿ ನಿಶ್ಚಿಂತರಾಗಿ ಕೂಡಲಾರರು. ಬರದಿಂದ ಸತ್ತ ಹೊಲವು ಒಂದು ಮಳೆಗೆ ಮರುಹುಟ್ಟು ಪಡೆಯುತ್ತದೆ; ಉಪ್ಪಿನಿಂದ ಸತ್ತ ಹೊಲವನ್ನು ಎಬ್ಬಿಸಲು ಬಸಿಗಾಲುವೆ ತೋಡಬೇಕು, ಹಣ ಸುರಿಯಬೇಕು, ವರ್ಷಗಟ್ಟಲೆ ಕಾಯಬೇಕು.

ಎರಡನೆಯದು ಡೋಣಿ. ಬಾಗೇವಾಡಿ, ಮುದ್ದೇಬಿಹಾಳಗಳ ಸೀಮೆಯನ್ನು ಹಾಯ್ದು ಕೃಷ್ಣೆಯನ್ನು ಸೇರುವ ಈ ಹೊಳೆಯ ನೀರು ಉಪ್ಪು, ಪಾತ್ರವು ಹೂಳು. ಮಳೆಗಾಲದಲ್ಲಿ ದಂಡೆ ಮೀರಿ ಬೆಳೆಯನ್ನು ಕೊಚ್ಚುತ್ತದೆ, ಬೇಸಗೆಯಲ್ಲಿ ದನವೂ ಮೂಸದಂತಾಗುತ್ತದೆ. ಹೂಳು ತೆಗೆಯಿರೆಂದು ಬೇಡುವುದು ಸುಲಭ. ಹೂಳು ಯಾವ ಹೊಲಗಳಿಂದ ಬಂದಿತು, ಉಪ್ಪು ಯಾವ ಪದರಿನಿಂದ ಇಳಿಯಿತು ಎಂಬುದನ್ನು ಅರಿಯದೆ ತೆಗೆದ ಹೂಳು ಮರುವರ್ಷ ಮತ್ತೆ ಬಂದು ತುಂಬುತ್ತದೆ.

ಮೂರನೆಯದು ಇಂಡಿಯ ಲಿಂಬೆ. 2023ರಲ್ಲಿ ಭೌಗೋಳಿಕ ಸೂಚ್ಯಂಕದ ಮನ್ನಣೆ ಪಡೆದ ಈ ಹಣ್ಣು ನಮ್ಮ ಸೀಮೆಯ ಹೆಸರನ್ನು ದೂರ ದೂರಕ್ಕೆ ಒಯ್ದಿದೆ. ಆದರೆ ಮನ್ನಣೆಯ ಪತ್ರವು ಗಿಡದ ರೋಗವನ್ನು ವಾಸಿಮಾಡಲಾರದು. ಕಜ್ಜಿರೋಗವೂ, ತುದಿಯಿಂದ ಒಣಗುತ್ತ ಬರುವ ರೋಗವೂ ಲಿಂಬೆಯ ತೋಟಗಳ ಹಳೆಯ ವೈರಿಗಳು. ಹಣ್ಣು ಹೇರಳವಾದಾಗ ಬೆಲೆ ಬಿದ್ದು, ಬೆಳೆದವನು ಕೀಳುವ ಕೂಲಿಗೂ ಅಂಜುತ್ತಾನೆ. ರಸವನ್ನೂ ಸಿಪ್ಪೆಯ ಎಣ್ಣೆಯನ್ನೂ ಇಲ್ಲಿಯೇ ತೆಗೆದು ಕೆಡದಂತೆ ಇಡುವ ಅಗ್ಗದ ಉಪಾಯವನ್ನು ಇಂಡಿಯ ಹುಡುಗಿಯೊಬ್ಬಳು ಏಕೆ ಕಂಡುಹಿಡಿಯಬಾರದು?

ನಾಲ್ಕನೆಯದು ಕೂಡಗಿ. ಅಲ್ಲಿಯ ಸ್ಥಾವರದಲ್ಲಿ ಕಲ್ಲಿದ್ದಲಿನಿಂದ 2400 ಮೆಗಾವಾಟ್ ವಿದ್ಯುತ್ತನ್ನು ಹುಟ್ಟಿಸಬಹುದು. ಬೆಳಕು ದೂರದ ನಗರಗಳಿಗೆ ಹೋಗುತ್ತದೆ, ಬೂದಿಯು ಇಲ್ಲಿ ಉಳಿಯುತ್ತದೆ. ಬೂದಿಯನ್ನು ನಿರಪಾಯವಾಗಿ ಏನು ಮಾಡಬೇಕು, ವರ್ಷದ ಬಹುಭಾಗ ನಮ್ಮ ನೆತ್ತಿಯ ಮೇಲೆ ಸುರಿಯುವ ಬಿಸಿಲನ್ನು ಹಿಡಿದು ರಾತ್ರಿಗೆ ಹೇಗೆ ಉಳಿಸಬೇಕು ಎಂಬ ಪ್ರಶ್ನೆಗಳು ಜಗತ್ತಿನ ದೊಡ್ಡ ಪ್ರಯೋಗಶಾಲೆಗಳ ಪ್ರಶ್ನೆಗಳಾಗಿರುವಂತೆ ಬಾಗೇವಾಡಿಯ ಪ್ರಶ್ನೆಗಳೂ ಆಗಿವೆ.

ಈ ಪ್ರಶ್ನೆಗಳಿಗೆ ಉತ್ತರವನ್ನು ಹೊರಗಿನವರು ಬಂದು ಕೊಡುವರೆಂದು ಕಾಯುವುದು ಸ್ವಾಭಿಮಾನದ ಲಕ್ಷಣವಲ್ಲ, ಬುದ್ಧಿವಂತಿಕೆಯ ಲಕ್ಷಣವೂ ಅಲ್ಲ. ಹೊರಗಿನವನು ಮಣ್ಣಿನ ಮಾದರಿಯನ್ನು ಚೀಲದಲ್ಲಿ ಒಯ್ಯುತ್ತಾನೆ. ಆ ಹೊಲಕ್ಕೆ ಯಾವ ವರ್ಷ ಯಾವ ದಿಕ್ಕಿನಿಂದ ನೀರು ನುಗ್ಗಿತೆಂಬುದು ಅಲ್ಲಿಯೇ ಬೆಳೆದವನಿಗೆ ಮಾತ್ರ ಗೊತ್ತು.

ಸಂಶೋಧನೆಯಿಂದ ಹೊಟ್ಟೆ ತುಂಬುವುದೇ ಎಂದು ತಂದೆತಾಯಿಗಳು ಕೇಳುವರು. ಅವರ ಮಾತನ್ನು ನಾವು ಹಗುರಾಗಿ ಎಣಿಸುವುದಿಲ್ಲ. ಸಾಲ ಮಾಡಿ ಮಗನನ್ನು ಓದಿಸಿದವನು ಮಗನ ಸಂಬಳದ ದಾರಿ ಕಾಯುವುದು ಸಹಜ. ನಮ್ಮ ದೇಶವು ಸಂಶೋಧನೆಗೆಂದು ವ್ಯಯಿಸುವುದು ರಾಷ್ಟ್ರೀಯ ಉತ್ಪನ್ನದ ನೂರಕ್ಕೆ ಒಂದು ಪಾಲೂ ಅಲ್ಲ; 2020-21ರ ಲೆಕ್ಕದಂತೆ ಅದು ಶೇಕಡಾ 0.64 ಮಾತ್ರ. ಎಳೆಯರನ್ನು ವಿಜ್ಞಾನದ ಕಡೆಗೆ ಸೆಳೆಯಲೆಂದು 1999ರಲ್ಲಿ ಹುಟ್ಟಿದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆಯನ್ನು 2022ರಲ್ಲಿ ನಿಲ್ಲಿಸಿ ಬೇರೊಂದು ಯೋಜನೆಯಲ್ಲಿ ಸೇರಿಸಿಬಿಟ್ಟರು. ಸಂಶೋಧನಾ ವಿದ್ಯಾರ್ಥಿಗಳ ವೇತನವು ತಿಂಗಳುಗಟ್ಟಲೆ ತಡವಾಗುವುದೆಂಬ ದೂರು ದೇಶದಲ್ಲೆಲ್ಲ ಕೇಳಿಬರುತ್ತದೆ. ಹಸಿದವನಿಗೆ ತಪಸ್ಸನ್ನು ಬೋಧಿಸುವುದು ನ್ಯಾಯವಲ್ಲ. ಆದುದರಿಂದ ತರುಣರಿಗೆ ಉಪದೇಶ ಮಾಡುವ ಮೊದಲು ನಾವು ಹಿರಿಯರು, ವ್ಯಾಪಾರಸ್ಥರು, ಅಧಿಕಾರಿಗಳು ನಮ್ಮ ಕರ್ತವ್ಯವನ್ನು ವಿಚಾರಿಸಿಕೊಳ್ಳಬೇಕು.

ಈ ಕರ್ತವ್ಯದ ಪಾಠವನ್ನು ಕಲಿಯಲು ನಾವು ವಿಲಾಯತಿಗೆ ಹೋಗಬೇಕಾಗಿಲ್ಲ. ಇಂಡಿ ತಾಲೂಕಿನ ಸಾಲೋಟಗಿಗೆ ಹೋದರೆ ಸಾಕು. ಕ್ರಿ. ಶ. 945ರ ಅಲ್ಲಿಯ ಶಾಸನವನ್ನು ಓದಿ ಬಲ್ಲವರಿಗೆ ಈ ಸಂಗತಿಯು ಹೊಸತಲ್ಲ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಪಾವಿಟ್ಟಗೆಯೆಂದು ಕರೆಯಲ್ಪಡುತ್ತಿದ್ದ ಆ ಊರಿನಲ್ಲಿ ಒಂದು ವಿದ್ಯಾಶಾಲೆಯನ್ನು ಕಟ್ಟಿಸಿದನು. ದೇಶದೇಶಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದರು. ಅವರ ವಾಸಕ್ಕೆ 27 ಮನೆಗಳು, ನಿರ್ವಾಹಕ್ಕೆ 500 ನಿವರ್ತನ ಭೂಮಿ, ರಾತ್ರಿಯ ದೀಪಕ್ಕೆಂದೇ 12 ನಿವರ್ತನ, ಉಪಾಧ್ಯಾಯನಿಗೆ 50 ನಿವರ್ತನ ದತ್ತಿಯಾಗಿದ್ದವು. ಇದಕ್ಕಿಂತ ಹೆಚ್ಚಿನ ಮಾತೊಂದು ಆ ಶಾಸನದಲ್ಲಿದೆ. ಆ ಸೀಮೆಯ ಬ್ರಾಹ್ಮಣರು ತಮ್ಮ ಮನೆಗಳಲ್ಲಿ ಮದುವೆಯಾದಾಗ ಐದು ನಾಣ್ಯಗಳನ್ನೂ, ಉಪನಯನ, ಚೌಲಗಳಾದಾಗ ಅದಕ್ಕಿಂತ ಕಡಿಮೆ ಮೊತ್ತವನ್ನೂ ವಿದ್ಯಾಶಾಲೆಗೆ ಸಲ್ಲಿಸಲು ಒಪ್ಪಿದ್ದರು. ಆಗ ಆ ವಿದ್ಯೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲವೆಂಬುದು ನಿಜ. ಇಂದು ಅದು ತೆರೆದಿದೆ, ತೆರೆದೇ ಇರಬೇಕು. ಆದರೆ ಮನೆಯ ಮಂಗಲಕಾರ್ಯದಲ್ಲಿ ವಿದ್ಯೆಗೂ ಒಂದು ಪಾಲೆಂಬ ಆ ನೀತಿಯು ಸಾವಿರ ವರ್ಷಗಳ ಮೇಲೆಯೂ ಹಳತಾಗಿಲ್ಲ.

ಇಂದು ನಮ್ಮ ಮದುವೆಗಳಲ್ಲಿ ಮಂಟಪಕ್ಕೆ, ಮದ್ದಿಗೆ, ವಾದ್ಯಕ್ಕೆ, ಉಂಡು ಬಿಟ್ಟ ಎಲೆಗಳಿಗೆ ಸುರಿಯುವ ಹಣದ ಒಂದು ತುಣುಕನ್ನು ಒಟ್ಟುಗೂಡಿಸಿದರೆ, ಪ್ರತಿಯೊಂದು ತಾಲೂಕಿಗೆ ಒಂದೊಂದು ಸಂಶೋಧನಾ ವೇತನವನ್ನು ಸ್ಥಾಪಿಸುವುದು ಕಷ್ಟವೇ? ವೇತನ ಪಡೆಯುವವರು ಓದಲು ದೂರ ಹೋಗಬೇಕಾಗಿಲ್ಲ. ವಿಜಯಪುರದಲ್ಲಿ ಕೃಷಿ ಮಹಾವಿದ್ಯಾಲಯವಿದೆ, 2003ರಲ್ಲಿ ಸ್ಥಾಪಿತವಾದ ಮಹಿಳಾ ವಿಶ್ವವಿದ್ಯಾಲಯವಿದೆ, ಧಾರವಾಡದಲ್ಲಿ ವಿಶ್ವವಿದ್ಯಾಲಯಗಳಿವೆ. ಕಟ್ಟಳೆ ಒಂದೇ ಇರಲಿ: ಸಂಶೋಧನೆಯ ವಿಷಯವು ತನ್ನ ತಾಲೂಕಿನದಾಗಿರಬೇಕು, ಅದರ ಫಲವನ್ನು ಕನ್ನಡದಲ್ಲಿ ಬರೆದು ಊರವರ ಮುಂದೆ ಓದಿ ಹೇಳಬೇಕು.

ಕನ್ನಡದಲ್ಲಿ ವಿಜ್ಞಾನವನ್ನು ಹೇಳಬರುವುದೇ ಎಂಬ ಸಂಶಯವು ಇನ್ನು ಬೇಡ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ 1918ರಲ್ಲಿಯೇ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿ ತೋರಿಸಿದರು. ಸಂಶೋಧನೆಯ ವ್ರತವೂ ನಮ್ಮ ಜಿಲ್ಲೆಗೆ ಹೊಸತಲ್ಲ. ವಿಜಾಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ತಾಡೋಲೆಗಳನ್ನು ಹುಡುಕುತ್ತ ತಮ್ಮ ಗಳಿಕೆಯನ್ನೆಲ್ಲ ಸವೆಸಿದರು. ಸಿಂದಗಿ ತಾಲೂಕಿನಲ್ಲಿ ಹುಟ್ಟಿದ ಎಂ. ಎಂ. ಕಲಬುರ್ಗಿಯವರು ಶಾಸನ, ಹಸ್ತಪ್ರತಿಗಳ ನಡುವೆ ಬಾಳನ್ನು ಸವೆಸಿ, ತಮಗೆ ಕಂಡ ಸತ್ಯವನ್ನು ಅಂಜದೆ ಆಡಿದರು. ಅವರು ಓಲೆಗಳಲ್ಲಿಯೂ ಕಲ್ಲುಗಳಲ್ಲಿಯೂ ಮಾಡಿದ ಕೆಲಸವನ್ನು ಇಂದಿನವರು ಮಣ್ಣಿನಲ್ಲಿ, ನೀರಿನಲ್ಲಿ, ಬೀಜದಲ್ಲಿ ಮಾಡಬೇಕಾಗಿದೆ.

ಸರಕಾರಕ್ಕೆ ನಮ್ಮ ಬಿನ್ನಹವು ಸ್ವಲ್ಪವೇ. ಸಂಶೋಧನಾ ಕೇಂದ್ರಗಳಲ್ಲಿ ಹುದ್ದೆ ತೆರವಾದೊಡನೆ ತುಂಬಲಿ. ವಿದ್ಯಾರ್ಥಿವೇತನವನ್ನು ತಿಂಗಳು ತಿಂಗಳಿಗೆ ಸಲ್ಲಿಸಲಿ. ಮಳೆಯ, ಬಾವಿಗಳ, ಮಣ್ಣಿನ ಲೆಕ್ಕಗಳನ್ನು ಕಪಾಟಿನಲ್ಲಿ ಬಚ್ಚಿಡದೆ ಕೇಳಿದ ವಿದ್ಯಾರ್ಥಿಗೆ ಕೊಡಲಿ. ಹೊಸ ಕಟ್ಟಡದ ಉದ್ಘಾಟನೆಗಿಂತ ಹಳೆಯ ಪ್ರಯೋಗಶಾಲೆಯ ದೀಪವು ರಾತ್ರಿ ಉರಿಯುತ್ತಿರುವುದು ಹೆಚ್ಚಿನ ಶೋಭೆ.

ಇನ್ನು ತರುಣರೇ, ತರುಣಿಯರೇ, ನಿಮಗೊಂದು ಮಾತು. ಪದವಿ ಬರಲೆಂದು ಕಾಯಬೇಡಿರಿ. ನಿಮ್ಮೂರಿನ ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕವನ್ನಿಡಿರಿ. ಊರ ಬಾವಿಯ ನೀರು ಎಷ್ಟು ಆಳದಲ್ಲಿದೆಯೆಂದು ಹಗ್ಗದಿಂದ ವಾರಕ್ಕೊಮ್ಮೆ ಅಳೆದು ವಹಿಯಲ್ಲಿ ಬರೆಯಿರಿ. ಐದು ವರ್ಷ ಬಿಡದೆ ಬರೆದರೆ ಆ ವಹಿಯು ಯಾವ ಪಂಡಿತನಿಗೂ ಬೇಕಾಗುವ ಗ್ರಂಥವಾಗುತ್ತದೆ. ಪ್ರಯೋಗವು ತಪ್ಪಿದರೆ ನಾಚಬೇಡಿರಿ. ಈ ದಾರಿಯಿಂದ ಹೋಗಲಾಗದೆಂದು ತಿಳಿಸಿದ ಪ್ರಯೋಗವೂ ಮುಂದಿನವನಿಗೆ ದಾರಿ ತೋರಿಸಿದ ಹಾಗೆಯೇ.

ಮುಂದಿನ ವರ್ಷದ ಫಲಿತಾಂಶಗಳ ಕಾಲಕ್ಕೆ ನಮ್ಮ ಕಚೇರಿಗೆ ಬರುವ ಭಾವಚಿತ್ರಗಳಲ್ಲಿ ಒಂದರ ಕೆಳಗಾದರೂ ನಾವು ಕಾಯುತ್ತಿರುವ ಆ ಸಾಲು ಇರಲಿ. ಅದನ್ನು ಮೊದಲನೆಯ ಪುಟದಲ್ಲಿಯೇ ಅಚ್ಚುಹಾಕುವೆವೆಂದು ಇಂದೇ ಮಾತು ಕೊಡುತ್ತೇವೆ.