ಅರಿವಳಿಕೆಯ ಸೂಜಿಗೂ ಕಣ್ಣು ಬೇಕು, ಕಾಯ್ದೆಗೂ ಹಲ್ಲು ಬೇಕು

ಬಿಜೈ ಕೆಎಸ್‌ಆರ್‌ಟಿಸಿ ಬಳಿ ಬೈಕಿನಿಂದ ಬಿದ್ದು ಮುಂಗೈ ಮುರಿಯಿತು ಅಂದುಕೊಳ್ಳಿ. ಪೂರ್ತಿ ಪ್ರಜ್ಞೆ ತಪ್ಪಿಸದೆ, ಕಂಕುಳ ಹತ್ತಿರದ ನರಗಳ ಸುತ್ತ ಮದ್ದು ಕೊಟ್ಟು ಕೈಯನ್ನಷ್ಟೇ ಮರಗಟ್ಟಿಸಬಹುದು. ಮೊದಲೆಲ್ಲ ನಾಡಿ ಮುಟ್ಟಿ, ಇಲ್ಲವೇ ಸಣ್ಣ ಕರೆಂಟ್ ಹಾಯಿಸಿ ನರ ಹುಡುಕುತ್ತಿದ್ದರು. ಅಲ್ಟ್ರಾಸೌಂಡ್‌ನಲ್ಲಿ ನರ, ರಕ್ತನಾಳ, ಸೂಜಿ ಎಲ್ಲವೂ ಕಾಣುತ್ತವೆ. ನರಕ್ಕೆ ಗಾಯವೇ ಆಗಲ್ಲ ಅಂತಲ್ಲ. ಮದ್ದು ರಕ್ತನಾಳಕ್ಕೆ ನುಗ್ಗಿ ಹೃದಯಕ್ಕೆ ಕುತ್ತು ತರುವ ಅಪಾಯವಂತೂ ಕಡಿಮೆ.

ಆದರೆ ಈ ಯಂತ್ರವೂ 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಡಿ ನೋಂದಣಿಯಾಗಲೇಬೇಕು. ಕಾಯ್ದೆ ಸಡಿಲಿಸಿ ಅನ್ನೋಣವೇ? ಬೇಡ. 2023ರಲ್ಲಿ ಮಂಡ್ಯದ ಆಲೆಮನೆಯಲ್ಲೇ ಭ್ರೂಣಲಿಂಗ ಸ್ಕ್ಯಾನ್ ನಡೆದದ್ದು ಬಯಲಾಗಿದೆ. ಚರ್ಮದ ಕೆಳಗೆ ಕೆಲವೇ ಸೆಂಟಿಮೀಟರ್ ನೋಡುವ, ಬೇರೆ ಪ್ರೋಬ್ ಜೋಡಿಸಲಾಗದ ಯಂತ್ರಗಳಿಗೆ ಸರ್ಕಾರ ಪ್ರತ್ಯೇಕ, ಚುರುಕಾದ ನೋಂದಣಿ ತರಲಿ. ಆಗ ತಾಲೂಕು ಆಸ್ಪತ್ರೆಯ ರೋಗಿಗೂ ಈ ಸುರಕ್ಷತೆ ಸಿಕ್ಕೀತು.